ಸ್ವರದ ಪುಟ್ಟ ಪೆಟ್ಟಿಗೆ

ಕೊಪ್ಪಳ ಜಿಲ್ಲೆಯ ನವಲಿ, ಕನಕಗಿರಿ, ಕಾರಟಗಿಗಳ ಸುತ್ತಣ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ನಾಟಕದ ಕಾಲವೂ ಬಂದಂತೆಯೇ. ಹಗಲೆಲ್ಲ ಹೊಲಗದ್ದೆಗಳಲ್ಲಿ ದುಡಿದ ತರುಣರು ರಾತ್ರಿ ಗುಡಿಯ ಮುಂದೆಯೋ ಶಾಲೆಯ ಅಂಗಳದಲ್ಲಿಯೋ ಕಲೆತು ತಾಲೀಮು ನಡೆಸುತ್ತಾರೆ. ಜಾತ್ರೆಯ ರಾತ್ರಿ ಪರದೆ ಮೇಲೇಳುವ ಮೊದಲೇ ವಾದ್ಯದ ನಾದವೊಂದು ಊರನ್ನೆಲ್ಲ ಕರೆಯುತ್ತದೆ. ಹಿಂದೆ ಅದು ಪೇಟಿಯ ನಾದವಾಗಿತ್ತು. ಇಂದು ಪೇಟಿಯ ಪಕ್ಕದಲ್ಲಿ, ಕೆಲವೆಡೆ ಪೇಟಿಯ ಸ್ಥಾನದಲ್ಲಿಯೇ, ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡ್ ಕುಳಿತಿದೆ. ಅದನ್ನು ಯಾವ ಕಂಪನಿಯವರು ತಯಾರಿಸಿದ್ದರೂ ಜನರು ಕರೆಯುವುದು ‘ಕ್ಯಾಸಿಯೋ’ ಎಂದೇ. ನಾಟಕದ ಹಸ್ತಪತ್ರಿಕೆಗಳಲ್ಲಿಯೂ ‘ಕ್ಯಾಸಿಯೋ ವಾದಕರು’ ಎಂದೇ ಅಚ್ಚಾಗಿರುತ್ತದೆ.

ಇದೇ ಯಂತ್ರದ ಚಿಕ್ಕ ರೂಪ ಮಕ್ಕಳ ಕೈಯಲ್ಲಿ ಆಟದ ಸಾಮಾನಾಗಿದೆ. ಗುಂಡಿ ಒತ್ತಿದರೆ ತಾಳ ಬಾರಿಸುತ್ತದೆ. ಇನ್ನೊಂದನ್ನು ಒತ್ತಿದರೆ ತಾನೇ ಒಂದು ಹಾಡನ್ನು ನುಡಿಸುತ್ತದೆ. ಹಾಗಾದರೆ ಇದು ಆಟಿಕೆಯೋ, ವಾದ್ಯವೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಪೇಟಿಯ ಚರಿತ್ರೆಯನ್ನು ನೋಡುವುದು ಒಳ್ಳೆಯದು. ಏಕೆಂದರೆ ಇಂಥದೇ ಪ್ರಶ್ನೆಯನ್ನು ಪೇಟಿಯೂ ಒಮ್ಮೆ ಎದುರಿಸಿತ್ತು.

ಪೇಟಿ ಎಂದರೆ ಹಾರ್ಮೋನಿಯಂ. ಇಂದು ಭಜನೆ, ಕೀರ್ತನೆ, ದೊಡ್ಡಾಟ, ನಾಟಕಗಳಲ್ಲೆಲ್ಲ ಬೆರೆತುಹೋಗಿರುವ ಈ ವಾದ್ಯ ಹುಟ್ಟಿದ್ದು ದೂರದ ಯುರೋಪಿನಲ್ಲಿ. 19ನೆಯ ಶತಮಾನದ ಮಧ್ಯಭಾಗದಲ್ಲಿ ಪ್ಯಾರಿಸ್ ನಗರದ ಅಲೆಕ್ಸಾಂಡರ್ ದೆಬೈನ್ ಎಂಬಾತನು ಅದಕ್ಕೆ ಆ ಹೆಸರನ್ನಿಟ್ಟನು. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯನ್ನು ತುಳಿದು ನುಡಿಸುವ ಭಾರವಾದ ಪೆಟ್ಟಿಗೆ ಅದು. ಮುಂದೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ, ಇನ್ನೊಂದು ಕೈಯಿಂದ ನುಡಿಸಬಹುದಾದ ಚಿಕ್ಕ ಪೇಟಿಯನ್ನು ರೂಪಿಸಿದರು. ಹಗುರವಾದ, ಬೇಗನೆ ಶ್ರುತಿ ಕೆಡದ ಆ ಪೇಟಿ ಊರೂರು ತಿರುಗುವ ನಾಟಕ ಕಂಪನಿಗಳಿಗೆ ಬಹಳ ಅನುಕೂಲವಾಯಿತು.

ಆದರೆ ಸಂಗೀತ ವಿದ್ವಾಂಸರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗಾಡಿಸುವ ಗಮಕ ಇವು ಪೇಟಿಯಲ್ಲಿ ಹೊರಡವೆಂಬುದು ಅವರ ಆಕ್ಷೇಪ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ತನ್ನ ಕಾರ್ಯಕ್ರಮಗಳಲ್ಲಿ ಹಾರ್ಮೋನಿಯಂ ನುಡಿಸುವುದನ್ನೇ ನಿಷೇಧಿಸಿತು. ಆ ನಿಷೇಧ ಸಡಿಲಗೊಂಡದ್ದು 1970ರ ದಶಕದ ಆರಂಭದಲ್ಲಿ. ಅಷ್ಟು ದೀರ್ಘಕಾಲ ಬಾನುಲಿಯ ಬಾಗಿಲು ಮುಚ್ಚಿದ್ದರೂ ಜನರ ಬಾಗಿಲು ಪೇಟಿಗೆ ತೆರೆದೇ ಇತ್ತು. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರಂಥ ಸಾಧಕರು ತಮ್ಮ ಬೆರಳುಗಳ ಬಲದಿಂದಲೇ ಅದರ ಮಾನವನ್ನು ಎತ್ತಿ ಹಿಡಿದರು. ಅಂಧ ಬಾಲಕರಿಗೆ ಸಂಗೀತವನ್ನು ಬದುಕಿನ ಊರುಗೋಲಾಗಿ ನೀಡಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿಯೂ ಪೇಟಿಗೆ ಗೌರವದ ಸ್ಥಾನ ದೊರೆಯಿತು. ಪರದೇಶದ ಪೆಟ್ಟಿಗೆ ನಮ್ಮದಾದುದು ಹೀಗೆ.

ಈ ಪೇಟಿಯ ಪಕ್ಕದಲ್ಲಿ ಬಂದು ಕುಳಿತ ಹೊಸ ಪೆಟ್ಟಿಗೆಯ ತವರು ಜಪಾನ್. ಅಲ್ಲಿ ಕಾಶಿಯೊ ಮನೆತನದ ನಾಲ್ವರು ಸೋದರರು 1957ರಲ್ಲಿ ವಿದ್ಯುತ್ತಿನಿಂದ ಲೆಕ್ಕ ಮಾಡುವ ಯಂತ್ರವೊಂದನ್ನು ಹೊರತಂದು ಕಂಪನಿಯನ್ನು ಸ್ಥಾಪಿಸಿದರು. ಅವರಲ್ಲಿ ಒಬ್ಬನಾದ ತೊಷಿಯೊ ಕಾಶಿಯೊ ಸಂಗೀತಪ್ರಿಯ. ಹಲವು ವಾದ್ಯಗಳ ನಾದವನ್ನು ಒಂದೇ ಪೆಟ್ಟಿಗೆಯಲ್ಲಿ ಹೊರಡಿಸಿ, ಸಾಮಾನ್ಯ ಜನರ ಕೈಗೆ ನೀಡಬೇಕೆಂಬುದು ಅವನ ಹಂಬಲ. ಮಾತಿನಲ್ಲಿ ವ್ಯಂಜನವೂ ಸ್ವರವೂ ಕೂಡಿ ಅಕ್ಷರವಾಗುವಂತೆ, ವಾದ್ಯದ ನಾದದಲ್ಲಿಯೂ ಎರಡು ಭಾಗಗಳಿವೆ ಎಂದು ಅವನು ಕಂಡುಕೊಂಡನು. ತಂತಿಯನ್ನು ಮೀಟಿದ ಕ್ಷಣದ ಸದ್ದು ವ್ಯಂಜನದಂತೆ. ಆಮೇಲೆ ಉಳಿದು ಹರಿಯುವ ನಾದ ಸ್ವರದಂತೆ. ಇವೆರಡನ್ನೂ ಬೇರೆಬೇರೆಯಾಗಿ ಸೃಷ್ಟಿಸಿ ಕೂಡಿಸುವ ಉಪಾಯದಿಂದ 1980ರಲ್ಲಿ ‘ಕ್ಯಾಸಿಯೋಟೋನ್ 201’ ಎಂಬ ಕೀಬೋರ್ಡ್ ಹೊರಬಂದಿತು. ಅದರಲ್ಲಿ 49 ಮನೆಗಳೂ 29 ಬಗೆಯ ನಾದಗಳೂ ಇದ್ದವು.

ಸ್ವಲ್ಪ ಕಾಲದಲ್ಲಿಯೇ ಅದೇ ಕಂಪನಿ ‘ವಿಎಲ್-1’ ಎಂಬ ಇನ್ನೂ ಪುಟ್ಟದೊಂದನ್ನು ಮಾಡಿತು. ಅದು ಲೆಕ್ಕದ ಯಂತ್ರವೂ ಹೌದು, ವಾದ್ಯವೂ ಹೌದು. ಅದರ ಮನೆಗಳು ಚಿಕ್ಕ ಗುಂಡಿಗಳಂತಿದ್ದವು. ನುಡಿಸಿದ ನೂರು ಸ್ವರಗಳವರೆಗೆ ಅದು ನೆನಪಿಟ್ಟುಕೊಂಡು ಮತ್ತೆ ನುಡಿಸುತ್ತಿತ್ತು. 1980ರ ದಶಕದ ನಡುವಿನಲ್ಲಿ ಬಂದ ‘ಎಸ್‌ಕೆ-1’ ಇನ್ನೊಂದು ಸೋಜಿಗ. ಹೊರಗಿನ ಯಾವುದೇ ಸದ್ದನ್ನು ಒಂದೂವರೆ ಸೆಕೆಂಡಿಗಿಂತ ತುಸು ಕಡಿಮೆ ಅವಧಿಗೆ ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಎತ್ತಿನ ಕೊರಳ ಗಂಟೆಯನ್ನು ಒಮ್ಮೆ ಅದಕ್ಕೆ ಕೇಳಿಸಿದರೆ ಸಾಕು, ಆ ಗಂಟೆಯ ದನಿಯಲ್ಲಿಯೇ ಸರಿಗಮ ನುಡಿಸಬಹುದಿತ್ತು. 1991ರ ಆರ್ಥಿಕ ಉದಾರೀಕರಣದ ತರುವಾಯ ವಿದೇಶದ ವಿದ್ಯುನ್ಮಾನ ಸಾಮಗ್ರಿಗಳು ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗತೊಡಗಿದವು. ಕೀಬೋರ್ಡ್ ಕೂಡ ಮೆಲ್ಲಮೆಲ್ಲನೆ ಹಳ್ಳಿಯ ರಂಗವನ್ನು ಏರಿತು.

ಈ ಪೆಟ್ಟಿಗೆಯೊಳಗೆ ತಿದಿಯೂ ಇಲ್ಲ, ತಂತಿಯೂ ಇಲ್ಲ. ಪ್ರತಿ ಮನೆಯ ಕೆಳಗೆ ಒಂದು ರಬ್ಬರಿನ ಗುಬುಟು. ಅದರ ತಳದಲ್ಲಿ ವಿದ್ಯುತ್ತನ್ನು ಹರಿಯಗೊಡುವ ಕಪ್ಪು ಲೇಪ. ಮನೆಯನ್ನು ಒತ್ತಿದಾಗ ಆ ಲೇಪ ಕೆಳಗಿನ ಹಲಗೆಯ ಗೆರೆಗಳನ್ನು ಮುಟ್ಟಿ ವಿದ್ಯುತ್ತಿನ ದಾರಿಯನ್ನು ಕೂಡಿಸುತ್ತದೆ. ಚಿಪ್ಪು ಯಾವ ಮನೆ ಒತ್ತಲ್ಪಟ್ಟಿತೆಂಬುದನ್ನು ಅರಿತು, ಅದಕ್ಕೆ ತಕ್ಕ ವೇಗದ ವಿದ್ಯುತ್ ಕಂಪನವನ್ನು ಹುಟ್ಟಿಸುತ್ತದೆ. ಧ್ವನಿವರ್ಧಕ ಆ ಕಂಪನವನ್ನು ನಾದವಾಗಿಸುತ್ತದೆ. ಒಂದು ಸ್ವರಕ್ಕೆ ಸೆಕೆಂಡಿಗೆ 240 ಕಂಪನಗಳಿದ್ದರೆ ಅದರ ಮೇಲಿನ ಸ್ಥಾಯಿಯ ಅದೇ ಸ್ವರಕ್ಕೆ 480 ಇರುತ್ತವೆ. ಈ ನಡುವಿನ ಅಂತರವನ್ನು ಯಂತ್ರ ಹನ್ನೆರಡು ಸಮಪಾಲು ಮಾಡಿ ಹನ್ನೆರಡು ಮನೆಗಳಿಗೆ ಹಂಚಿರುತ್ತದೆ.

ಪೆಟ್ಟಿಗೆಯ ಮೊದಲ ಕೊರತೆ ಇಲ್ಲಿಯೇ ಇದೆ. ಷಡ್ಜಕ್ಕೆ 240 ಕಂಪನಗಳೆಂದು ಇಟ್ಟುಕೊಂಡರೆ, ತಂಬೂರಿಯ ನಾದದಲ್ಲಿ ಬೆರೆತು ಕೇಳುವ ಸಹಜ ಗಾಂಧಾರಕ್ಕೆ 300 ಕಂಪನಗಳು. ಕೀಬೋರ್ಡಿನ ಗಾಂಧಾರಕ್ಕಾದರೋ ಸುಮಾರು 302.4. ಸಹಜ ಪಂಚಮಕ್ಕೆ 360. ಯಂತ್ರದ ಪಂಚಮಕ್ಕೆ ಸುಮಾರು 359.6. ಪಂಚಮದ ವ್ಯತ್ಯಾಸ ಗಮನಕ್ಕೆ ಬರುವುದೇ ಕಷ್ಟ. ಗಾಂಧಾರದ್ದನ್ನು ಪಳಗಿದ ಕಿವಿ ಹಿಡಿಯುತ್ತದೆ. ಚಿಕ್ಕ ಕೀಬೋರ್ಡಿನಲ್ಲಿ ಬೆರಳನ್ನು ಮೆಲ್ಲಗೆ ಇಟ್ಟರೂ ಬಲವಾಗಿ ಒತ್ತಿದರೂ ನಾದ ಒಂದೇ ಸಮ. ಮೀಂಡ್ ಗಮಕಗಳಂತೂ ಹೊರಡವು. ನುರಿತ ವಾದಕನು ಪಕ್ಕದ ಸ್ವರವನ್ನು ಕ್ಷಣಮಾತ್ರ ಸೋಕಿ ಮುಖ್ಯ ಸ್ವರಕ್ಕೆ ಬಂದು, ಜಾರಿದಂತೆ ಭಾಸವಾಗಿಸುತ್ತಾನೆ. ಹೀಗೆ ಯಂತ್ರದ ಕೊರತೆಯನ್ನು ತುಂಬುವುದು ಮನುಷ್ಯನ ಜಾಣ್ಮೆಯೇ.

ಎರಡನೆಯ ಕೊರತೆ ಇದಕ್ಕಿಂತ ದೊಡ್ಡದು. ಅದು ತಾಳಕ್ಕೆ ಸಂಬಂಧಿಸಿದುದು. ನಾಟಕದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪಾತ್ರಧಾರಿ ಹಾಡುತ್ತ ಹಾಡುತ್ತ ಗದ್ಗದಿತಳಾಗಿ ನಡುವೆ ನಿಲ್ಲುತ್ತಾಳೆ. ಪೇಟಿ ಮಾಸ್ತರರ ಕಣ್ಣು ಅವಳ ಮೇಲೆಯೇ ಇರುತ್ತದೆ. ಅವರು ಷಡ್ಜವನ್ನು ಮೆಲ್ಲಗೆ ಹಿಡಿದು ಕಾಯುತ್ತಾರೆ. ತಬಲಾ ವಾದಕನು ಕೈಯನ್ನು ತಡೆಯುತ್ತಾನೆ. ಅವಳು ಉಸಿರು ತಿರುಗಿಸಿಕೊಂಡು ಮುಂದಿನ ನುಡಿಯನ್ನು ಎತ್ತಿದಾಗ ಹಿಮ್ಮೇಳವೂ ಅವಳೊಡನೆ ಎದ್ದು ನಡೆಯುತ್ತದೆ. ಆ ಮೌನದಲ್ಲಿ ಸಭೆಯ ಕಣ್ಣು ತೇವವಾಗುತ್ತದೆ. ಗುಂಡಿ ಒತ್ತಿ ಬಿಟ್ಟ ಯಂತ್ರದ ತಾಳಕ್ಕೆ ಕಣ್ಣಿಲ್ಲ. ಅವಳು ಅತ್ತರೂ ನಿಂತರೂ ಅದು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಅದರಲ್ಲಿ ತುಂಬಿಟ್ಟಿರುವುದು ಹೆಚ್ಚಾಗಿ ಪಶ್ಚಿಮದ ನಾಲ್ಕರ, ಮೂರರ ನಡೆಗಳು. ಏಳು ಮಾತ್ರೆಯ ರೂಪಕವನ್ನೋ ಹತ್ತು ಮಾತ್ರೆಯ ಝಪ್‌ತಾಳವನ್ನೋ ಹಳೆಯ ಚಿಕ್ಕ ಕೀಬೋರ್ಡ್ ಅರಿಯದು.

ಯಂತ್ರದ ತಾಳ ಬಂದ ಕಡೆ ಮದ್ದಳೆ, ತಬಲಾ ನುಡಿಸುವ ಕಲಾವಿದನ ಕರೆ ಕಡಿಮೆಯಾಗುವುದುಂಟು. ಒಬ್ಬನ ಸಂಭಾವನೆಯಲ್ಲಿ ಮೂವರ ಕೆಲಸವಾಗುವುದೆಂದು ಲೆಕ್ಕ ಹಾಕುವವರಿದ್ದಾರೆ. ಹಾಗೆಂದು ಕೀಬೋರ್ಡನ್ನೇ ಹಳಿಯುವುದು ನ್ಯಾಯವಲ್ಲ. ಪೂರ್ಣ ಹಿಮ್ಮೇಳವನ್ನು ಕರೆಸುವ ಶಕ್ತಿಯಿಲ್ಲದ ಚಿಕ್ಕ ಊರು ಅದರ ನೆರವಿನಿಂದಲೇ ಒಂದು ನಾಟಕವನ್ನಾಡಬಲ್ಲುದು. ಮನೆಯಲ್ಲಿ ವಾದ್ಯವಿಲ್ಲದ ಬಡ ಬಾಲಕನು ಅದರ ಮೇಲೆಯೇ ಮೊದಲ ಸರಿಗಮ ನುಡಿಸಬಲ್ಲನು. ಯಂತ್ರವನ್ನು ಎಲ್ಲಿ ಬಳಸಬೇಕು, ಎಲ್ಲಿ ಮನುಷ್ಯನ ಕೈಗೆ ಎಡೆ ಬಿಡಬೇಕು ಎಂಬ ವಿವೇಕ ಬಳಸುವವನದು.

ಚಿಕ್ಕ ಪೆಟ್ಟಿಗೆ ಕಲ್ಪನೆಯುಳ್ಳವರ ಕೈಗೆ ಸಿಕ್ಕಿದರೆ ಏನಾಗಬಲ್ಲುದೆಂಬುದಕ್ಕೆ ಹೊರನಾಡಿನ ಒಂದು ನಿದರ್ಶನವಿದೆ. 1980ರಲ್ಲಿ ಒಕುಡಾ ಹಿರೊಕೊ ಎಂಬ ತರುಣಿ ಸಂಗೀತ ವಿದ್ಯಾಭ್ಯಾಸ ಮುಗಿಸಿ ಕ್ಯಾಸಿಯೋ ಕಂಪನಿಯನ್ನು ಸೇರಿದಳು. ಮರುವರ್ಷ ಬಂದ ‘ಎಂಟಿ-40’ ಎಂಬ ಅಗ್ಗದ ಕೀಬೋರ್ಡಿಗೆ ಲಯದ ಮಾದರಿಗಳನ್ನು ರಚಿಸಿಕೊಟ್ಟವಳು ಅವಳೇ. 1985ರಲ್ಲಿ ಜಮೈಕ ದ್ವೀಪದ ವೇಯ್ನ್ ಸ್ಮಿತ್ ಎಂಬ ಗಾಯಕನ ಹಾಡೊಂದು ಆ ಮಾದರಿಗಳಲ್ಲಿ ಒಂದರ ಮೇಲೆ ಸಿದ್ಧವಾಯಿತು. ಆ ದ್ವೀಪದ ರೆಗೆ ಸಂಗೀತದ ದಾರಿಯನ್ನೇ ಅದು ಬದಲಿಸಿತು. ಜಪಾನಿನ ತರುಣಿಯ ಲಯ ಕಡಲಾಚೆಯ ಜನರ ಹಾಡಾದುದು ಹೀಗೆ. ಅದೇ ಕೀಬೋರ್ಡ್ ಸಾವಿರಾರು ಮನೆಗಳಲ್ಲಿತ್ತು; ಆ ಗುಂಡಿಯನ್ನು ಸಾವಿರಾರು ಜನರು ಒತ್ತಿದ್ದರು. ಆದರೆ ಅದರಲ್ಲಿ ಹೊಸ ಹಾಡನ್ನು ಕೇಳಿಸಿಕೊಂಡ ಕಿವಿಗಳು ಕೆಲವೇ.

ಆದ್ದರಿಂದ ಇಂಥ ಪೆಟ್ಟಿಗೆ ದೊರೆತ ವಿದ್ಯಾರ್ಥಿಯು ಮೊದಲು ತಾನಾಗಿ ಬಾರಿಸುವ ಹಾಡನ್ನೂ ತಾಳವನ್ನೂ ನಿಲ್ಲಿಸಬೇಕು. ನೂರು ನಾದಗಳಿದ್ದರೂ ಒಂದನ್ನೇ ಆರಿಸಿಕೊಳ್ಳಬೇಕು. ಕಪ್ಪು ಮನೆಗಳು ಎರಡು ಮತ್ತು ಮೂರರ ಗುಂಪುಗಳಾಗಿ ಜೋಡಿಸಲ್ಪಟ್ಟಿರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜವೆಂದು ಹಿಡಿದು ಬಲಕ್ಕೆ ಕಪ್ಪು ಮನೆಗಳನ್ನೇ ಒಂದೊಂದಾಗಿ ಒತ್ತುತ್ತ ಹೋದರೆ ಸ ರಿ ಗ ಪ ಧ ಎಂಬ ಐದು ಸ್ವರಗಳು ದೊರೆಯುತ್ತವೆ. ಹಿಂದುಸ್ತಾನಿ ಪದ್ಧತಿಯ ಭೂಪ ರಾಗಕ್ಕೂ ಕರ್ನಾಟಕ ಪದ್ಧತಿಯ ಮೋಹನ ರಾಗಕ್ಕೂ ಇವೇ ಸ್ವರಗಳು. ಮೊದಲು ಸ್ವರವನ್ನು ಬಾಯಿಯಲ್ಲಿ ಹಾಡಿ ಅನಂತರ ಬೆರಳಿನಿಂದ ನುಡಿಸಬೇಕು. ತಾಳವನ್ನು ಕೈಯಲ್ಲಿ ಹಾಕಬೇಕು. ಹೀಗೆ ಸಂಗೀತಾಭ್ಯಾಸ ಮಾಡಿದವನಿಗೆ ಆಟಿಕೆಯೂ ಗುರುವಿನ ಮನೆಯ ಹೊಸ್ತಿಲಾಗುತ್ತದೆ.

ಹಳೆಯ ಕೀಬೋರ್ಡುಗಳನ್ನು ಕೆಟ್ಟವೆಂದು ಎಸೆಯುವ ಅಗತ್ಯವೂ ಇಲ್ಲ. ಕೆಲವು ಮನೆಗಳು ನುಡಿಯದಿದ್ದರೆ ಬಹುಮಟ್ಟಿಗೆ ಕಾರಣ ರಬ್ಬರಿನ ಕೆಳಗೆ ಕುಳಿತ ಧೂಳು. ಬಳಸದೆ ಇಡುವಾಗ ಸೆಲ್ಲುಗಳನ್ನು ತೆಗೆದಿಡಬೇಕು; ಅವು ಸೋರಿದರೆ ಲೋಹದ ಪಟ್ಟಿಗಳು ಕಿಲುಬು ಹಿಡಿಯುತ್ತವೆ. ಅಡಾಪ್ಟರ್ ಜೋಡಿಸುವ ಮೊದಲು ಅದರ ವೋಲ್ಟೇಜನ್ನೂ ಧನ ಋಣ ಗುರುತುಗಳನ್ನೂ ಪೆಟ್ಟಿಗೆಯ ಮೇಲೆ ಬರೆದುದರೊಡನೆ ಹೋಲಿಸಿ ನೋಡಬೇಕು. ಮಳೆಗಾಲದಲ್ಲಿ ತೇವ ತಾಗದಂತೆ ಬಟ್ಟೆಯಲ್ಲಿ ಸುತ್ತಿಡಬೇಕು. ಇಷ್ಟು ಕಾಳಜಿ ವಹಿಸಿದರೆ ಹಳೆಯ ಪೆಟ್ಟಿಗೆಯೂ ಬಹುಕಾಲ ನುಡಿಯುತ್ತದೆ.

ಪೇಟಿ ಹೊರಗಿನಿಂದ ಬಂದಿತು. ಕೀಬೋರ್ಡೂ ಹೊರಗಿನಿಂದಲೇ ಬಂದಿದೆ. ಸಾಧಕರ ದೀರ್ಘ ಪರಿಶ್ರಮ ಪೇಟಿಯನ್ನು ನಮ್ಮದಾಗಿಸಿತು. ಕೀಬೋರ್ಡ್ ಆಟಿಕೆಯಾಗಿ ಉಳಿಯುವುದೋ ವಾದ್ಯವಾಗಿ ಬೆಳೆಯುವುದೋ ಎಂಬುದು ಅದನ್ನು ಹಿಡಿದ ಕೈಯನ್ನೂ ಕೇಳುವ ಕಿವಿಯನ್ನೂ ಅವಲಂಬಿಸಿದೆ. ಗುಂಡಿಯನ್ನು ಒತ್ತಿದರೆ ಸದ್ದು ಬರುತ್ತದೆ. ಸಂಗೀತ ಬರಬೇಕಾದರೆ ಒತ್ತುವವನು ಕಲಿತಿರಬೇಕು. ಜಾತ್ರೆಯ ರಾತ್ರಿ, ಅಳುವ ಪಾತ್ರಧಾರಿಗಾಗಿ ಕ್ಷಣಕಾಲ ಕಾಯಬಲ್ಲ ವಾದಕನಿರುವವರೆಗೆ ಪೆಟ್ಟಿಗೆ ಯಾವುದಾದರೂ ಹಾಡು ಉಳಿಯುತ್ತದೆ.

ಪದಗಳ ಅರ್ಥ

ತಾಲೀಮು – ನಾಟಕದ ಅಭ್ಯಾಸ. ತಿದಿ – ಗಾಳಿಯೂದುವ ಸಾಧನ. ಹಿಮ್ಮೇಳ – ಹಾಡಿಗೆ ನೆರವಾಗುವ ವಾದ್ಯಗಾರರ ಗುಂಪು. ಸ್ಥಾಯಿ – ಏಳು ಸ್ವರಗಳ ಒಂದು ಸುತ್ತು. ಗದ್ಗದಿತ – ದುಃಖದಿಂದ ಗಂಟಲು ಕಟ್ಟಿದ. ಹಳಿ – ನಿಂದಿಸು. ಕಿಲುಬು – ಲೋಹಕ್ಕೆ ಹಿಡಿಯುವ ಕೊಳೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಹಳ್ಳಿಯ ಜನರು ಕೀಬೋರ್ಡನ್ನು ಯಾವ ಹೆಸರಿನಿಂದ ಕರೆಯುತ್ತಾರೆ?
2. ನೆಲದ ಮೇಲೆ ಕುಳಿತು ನುಡಿಸುವ ಪೇಟಿಯನ್ನು ರೂಪಿಸಿದವರು ಯಾರು?
3. ಕಪ್ಪು ಮನೆಗಳಿಂದ ದೊರೆಯುವ ಐದು ಸ್ವರಗಳು ಯಾವುವು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ವಿದ್ವಾಂಸರು ಪೇಟಿಯನ್ನು ಏಕೆ ಒಪ್ಪಲಿಲ್ಲ?
2. ತೊಷಿಯೊ ಕಾಶಿಯೊ ನಾದವನ್ನು ಅಕ್ಷರಕ್ಕೆ ಹೋಲಿಸಿದ ಬಗೆಯನ್ನು ವಿವರಿಸಿ.

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ‘ಯಂತ್ರದ ತಾಳಕ್ಕೆ ಕಣ್ಣಿಲ್ಲ.’ ಈ ಮಾತನ್ನು ನಾಟಕದ ಸಂದರ್ಭದೊಡನೆ ವಿವರಿಸಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಸಂಗೀತಾಭ್ಯಾಸ, ಮಳೆಗಾಲ, ಪುಣ್ಯಾಶ್ರಮ.

ಉ) ನಿಮ್ಮ ಊರಿನ ಪೇಟಿ ಮಾಸ್ತರರನ್ನೋ ಕ್ಯಾಸಿಯೋ ವಾದಕರನ್ನೋ ಕಂಡು, ಅವರು ವಾದ್ಯವನ್ನು ಕಲಿತ ಬಗೆಯನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.