ಕರುವಿನ ಮೈಯೊಳಗೊಬ್ಬ ಮೇಸ್ತ್ರಿ

ಮಕ್ಕಳೇ, ಹೊಟ್ಟೆ ತುಂಬ ಹಾಲು ಕುಡಿದ ಕರು ಬಾಲವೆತ್ತಿ ಓಡುವುದನ್ನು ನೋಡಿದ್ದೀರಲ್ಲವೇ? ಅದು ಕುಡಿದದ್ದು ಬರೀ ಹಾಲು. ಆ ಹಾಲು ಗಟ್ಟಿಯಾದ ಮಾಂಸಖಂಡವಾಗುವುದು ಹೇಗೆ?

ಹಾಲಿನಲ್ಲಿರುವ ಪ್ರೋಟೀನು ಜಠರ ಮತ್ತು ಸಣ್ಣಕರುಳಿನಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಪ್ರೋಟೀನು ಕಟ್ಟಲು ಬೇಕಾದ ಇಟ್ಟಿಗೆಗಳು ಇವೇ. ಇವುಗಳಲ್ಲಿ 20 ಬಗೆಗಳಿವೆ. ರಕ್ತವು ಇವನ್ನು ಜೀವಕೋಶಗಳಿಗೆ ಒಯ್ಯುತ್ತದೆ. ಅಲ್ಲಿ ರೈಬೋಸೋಮುಗಳು ಇವನ್ನು ಒಂದೊಂದಾಗಿ ಜೋಡಿಸಿ ಹೊಸ ಪ್ರೋಟೀನು ತಯಾರಿಸುತ್ತವೆ.

ಇಟ್ಟಿಗೆ ಬಂದರಷ್ಟೇ ಸಾಕೇ? ಕೆಲಸ ಶುರುಮಾಡಿಸಲು ಮೇಸ್ತ್ರಿ ಬೇಕು. ಹಾಲು ಕುಡಿದ ಮೇಲೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದೇ ಈ ಮೇಸ್ತ್ರಿ. ಲ್ಯೂಸಿನ್ ಎಂಬ ಅಮೈನೋ ಆಮ್ಲ ಇನ್ನೂ ವಿಶೇಷ. ಅದು ಇಟ್ಟಿಗೆಯೂ ಹೌದು, ಕೆಲಸಕ್ಕೆ ಸೂಚನೆ ಕೊಡುವುದೂ ಹೌದು!

ವಿಜ್ಞಾನಿಗಳು ಹಂದಿಮರಿಗಳಿಗೆ ಲ್ಯೂಸಿನ್ ಒಂದನ್ನೇ ಕೊಟ್ಟು ನೋಡಿದರು. ಪ್ರೋಟೀನು ತಯಾರಿಕೆ ಚುರುಕಾಯಿತು. ಆದರೆ ಉಳಿದ ಅಮೈನೋ ಆಮ್ಲಗಳು ಕಡಿಮೆಯಾಗಿ, ಸ್ವಲ್ಪ ಹೊತ್ತಿನಲ್ಲೇ ಕೆಲಸ ನಿಧಾನವಾಯಿತು. ಸೂಚನೆಯೂ ಬೇಕು, ಸಾಮಗ್ರಿಯೂ ಬೇಕು ಎಂದಾಯಿತು.

ಈ ಸೂಚನೆಗಳಿಗೆ ಎಳೆಯ ಮೈ ಬಹಳ ಚೆನ್ನಾಗಿ ಓಗೊಡುತ್ತದೆ. ಬೆಳೆದಂತೆಲ್ಲ ಆ ಚುರುಕು ತಗ್ಗುತ್ತದೆ. ಆದ್ದರಿಂದ ಹಾಲನ್ನೆಲ್ಲ ಕರೆದುಕೊಂಡು ಕರುವನ್ನು ಹಸಿವಿನಲ್ಲಿ ಬಿಡಬಾರದು. ಬೆಳೆಯುವ ಕಾಲದಲ್ಲೇ ಅದರ ಬೆಳವಣಿಗೆ ಕುಂಠಿತವಾಗುತ್ತದೆ.

ನೀವೂ ಬೆಳೆಯುತ್ತಿರುವವರೇ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಬೇಳೆಯಲ್ಲಿ ಹೆಚ್ಚಾಗಿದೆ. ಹಾಗಾದರೆ ಬಿಸಿಯೂಟದಲ್ಲಿ ಅನ್ನದ ಜೊತೆ ಬೇಳೆ ಸಾಂಬಾರು ಬಡಿಸುವುದೇಕೆ? ಯೋಚಿಸಿ, ಗೆಳೆಯರೊಂದಿಗೆ ಚರ್ಚಿಸಿ.