ಹೊರಡುವ ಮುಂಚೆ, ಮಗಳೇ

ತೀರ್ಥಹಳ್ಳಿ
ನವೆಂಬರ್ 5, 2020

ಚಿ. ವಸುಧಾ,

ಅಡಿಕೆ ಕೊಯ್ಲು ಇನ್ನೇನು ಶುರುವಾಗಬೇಕು. ದೀಪಾವಳಿಗೆ ಬರುತ್ತೀಯಾ ಎಂದು ಅಮ್ಮ ಕೇಳಿದಾಗಲೆಲ್ಲ ನೀನು ಮಾತು ತಪ್ಪಿಸುತ್ತೀಯಂತೆ. ಬಸ್ಸಿಗೆ ಟಿಕೆಟ್ ಮಾಡಿ, ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗ್ಗೆ ಕ್ಯಾನ್ಸಲ್ ಮಾಡಿದೆ ಎಂದು ನಿನ್ನ ತಮ್ಮ ಹೇಳಿದ. ಅದಕ್ಕೆ ಸಂಕೋಚ ಬೇಡ ಪುಟ್ಟಿ. ಕೊರೊನಾ ಲಾಕ್‌ಡೌನ್ ಸಡಿಲಿಸಿ ಮೇ 19ಕ್ಕೆ ಬಸ್ಸು ಬಿಟ್ಟರು, 25ಕ್ಕೆ ವಿಮಾನ ಬಿಟ್ಟರು. ಆದರೆ ಸರ್ಕಾರ ದಾರಿ ತೆರೆದ ದಿನವೇ ಮನಸ್ಸೂ ಹೊರಡಬೇಕೆಂದರೆ ಹೇಗೆ?

ಇಂಥ ಭಯ ಹೊಸದೂ ಅಲ್ಲ. ನನ್ನ ಅಜ್ಜಿ ಪ್ಲೇಗಿನ ಕಾಲ ಕಂಡವರು. ಇಲಿ ಸತ್ತು ಬಿತ್ತು ಎಂದು ಸುದ್ದಿ ಬಂದರೆ ಸಾಕು, ಪಾತ್ರೆಪಗಡಿ, ಅಕ್ಕಿ ಮೂಟೆ, ದನಕರು ಹೊಡೆದುಕೊಂಡು ಊರೇ ಖಾಲಿಯಾಗುತ್ತಿತ್ತಂತೆ. ಬಯಲಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ವಾಸ. ಇತ್ತ ಮನೆಯೊಳಗೆ ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆದಿಡುತ್ತಿದ್ದರು. ನೀನಿರುವ ಮಲ್ಲೇಶ್ವರವೂ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ, ಇಕ್ಕಟ್ಟಿನ ಪೇಟೆಯಿಂದ ಜನ ಹೊರಬಂದು ಬೆಳೆದ ಬಡಾವಣೆ. ಆ ಕಾಯಿಲೆ ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಇದ್ದದ್ದು ಮನೆಯೊಳಗೆ. ಹಾಗಾಗಿ ಮನೆ ಬಿಟ್ಟು ಓಡು ಎಂದ ಭಯ ಅವರನ್ನು ಕಾಯಿತು. ಈ ಸಲದ ಕಾಯಿಲೆ ನಮ್ಮ ಉಸಿರಿನೊಂದಿಗೇ ಪ್ರಯಾಣ ಮಾಡುತ್ತದೆ. ಅದಕ್ಕೇ ಮಾರ್ಚ್‌ನಲ್ಲಿ ರೈಲು ನಿಲ್ಲಿಸಿ, ಇದ್ದಲ್ಲೇ ಇರಿ ಎಂದದ್ದು.

ಆದರೆ ನಿನ್ನ ನಿದ್ದೆ ಕೆಡಿಸಿದ್ದು ಕಾಯಿಲೆಯೊಂದೇ ಇರಲಾರದು. ಮೇ ತಿಂಗಳಲ್ಲಿ ಮುಂಬೈಯಿಂದ ಬಂದ ಕೆಳಗಿನ ಮನೆ ಹುಡುಗನನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೈಮೇಲೆ ಕ್ವಾರಂಟೈನ್ ಮುದ್ರೆ. ಹೆತ್ತ ತಾಯಿ ಊಟದ ತಟ್ಟೆಯನ್ನು ಕೊಟ್ಟಿಗೆಯ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಅಕ್ಕಪಕ್ಕದವರು ಬಾವಿಗೆ ಬರುವುದನ್ನೂ ಬಿಟ್ಟರು. ಜ್ವರ ಅವನಿಗೆ ಬರಲೇ ಇಲ್ಲ, ಆದರೂ ಆ ಹುಡುಗ ಇನ್ನೂ ತಲೆ ಎತ್ತಿ ಮಾತಾಡುವುದಿಲ್ಲ. ಜನ ಏನೆಂದಾರು, ನಡುದಾರಿಯಲ್ಲಿ ಮತ್ತೆ ಲಾಕ್‌ಡೌನ್ ಆದರೆ ಏನು ಗತಿ, ನನ್ನಿಂದ ಮನೆಯವರಿಗೆ ಬಂದರೆ? ಇವೆಲ್ಲ ಒಂದರೊಳಗೊಂದು ಸಿಕ್ಕು ಬಿದ್ದಿವೆ. ಕೂತು ಬಿಡಿಸಿ ನೋಡು. ಮೊದಲನೆಯದನ್ನು ಪೂರ್ತಿ ಬಿಟ್ಟುಬಿಡು, ನಮ್ಮ ಬೀದಿಯವರಿಗೆ ಉತ್ತರ ಕೊಡಲು ನಾನಿದ್ದೇನೆ. ಗೆಳತಿಯರು ಚಿಕ್ಕಮಗಳೂರಿನ ಹೋಂಸ್ಟೇಗೆ ಹೋಗಿಬಂದರು ಎಂಬ ಧೈರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಡ. ಅವರ ಮನೆಯಲ್ಲಿ ಯಾರಿದ್ದಾರೋ ನಮಗೇನು ಗೊತ್ತು? ನಮ್ಮಲ್ಲಿ 80 ದಾಟಿದ ನಿನ್ನ ಅಜ್ಜಿ ಇದ್ದಾರೆ, ನನಗೆ ಸಕ್ಕರೆ ಕಾಯಿಲೆ. ಇದಕ್ಕಿನ್ನೂ ಲಸಿಕೆ ಬಂದಿಲ್ಲ. ಯೋಚನೆ ಮಾಡಬೇಕಾದ್ದು ಇದೊಂದನ್ನೇ.

ಇದಕ್ಕೆ ದಾರಿಯೂ ಇದೆ. ನೀನು ತರಕಾರಿಯನ್ನು ಸೋಪಿನಲ್ಲಿ ತೊಳೆದು ಕೈ ಸುಲಿದುಕೊಂಡಿದ್ದೀಯಂತೆ, ಅಷ್ಟು ಬೇಡ. ಹೆಚ್ಚು ಅಪಾಯ ಇರುವುದು ಮುಚ್ಚಿದ ಜಾಗದಲ್ಲಿ, ಹತ್ತು ಜನರ ಉಸಿರು ಒಂದೇ ಕಡೆ ನಿಂತಾಗ. ರಾತ್ರಿಯ ಎಸಿ ಸ್ಲೀಪರ್ ಬಿಟ್ಟು ಹಗಲಿನ ಕೆಂಪು ಬಸ್ಸಿಗೆ ಬಾ. ಕಿಟಕಿ ಪಕ್ಕ ಕೂತು ಗಾಜು ಸರಿಸಿಡು, ಮಾಸ್ಕ್ ಮೂಗಿನ ಮೇಲಿರಲಿ, ಬುತ್ತಿಯನ್ನು ಬಸ್ಸು ನಿಂತಾಗ ಕೆಳಗಿಳಿದು ತಿನ್ನು. ಜಗಲಿ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದೇನೆ, ಆಫೀಸಿನ ಕೆಲಸ ಅಲ್ಲಿಂದಲೇ ಮಾಡಿಕೊಂಡು ಎರಡು ವಾರ ಇರಬಹುದು. ಅಜ್ಜಿಯ ಹತ್ತಿರ ಅಂಗಳದಲ್ಲಿ ದೂರ ಕೂತು ಮಾತಾಡು, ಅವರಿಗೆ ಅಷ್ಟೇ ಸಾಕು.

ಹೊರಡುವ ದಿನ ಗಂಟಲು ಕೆರೆದರೆ, ಮೈ ಬಿಸಿಯಾದರೆ ಮಾತ್ರ ಖಂಡಿತ ಬರಬೇಡ. ಏನೂ ಇಲ್ಲದೆಯೂ ಮನಸ್ಸು ಒಪ್ಪದಿದ್ದರೆ ನೆಪ ಹುಡುಕಬೇಡ, ನನಗೆ ಹೆದರಿಕೆಯಾಗುತ್ತಿದೆ ಅಪ್ಪ ಎಂದು ಬಾಯಿಬಿಟ್ಟು ಹೇಳು. ಸಂಕ್ರಾಂತಿ ಇದೆ, ಯುಗಾದಿ ಇದೆ. ಅಮ್ಮನಿಗೆ ನಾನು ಹೇಳುತ್ತೇನೆ. ಏನಾದರೂ ಸರಿ, ಭಾನುವಾರದೊಳಗೆ ಫೋನ್ ಮಾಡು.

ಇಂತಿ,
ನಿನ್ನ ಅಪ್ಪ