ಕೊಳವೆಬಾವಿ ನೀರು, ಕೆಂಪೆಲೆಯ ಗಿಡ

ಕಾರ್ಡಿಲೈನ್ ಎಲೆಯ ತುದಿ ಕಂದಿ ಒಣಗಿದರೆ ಜನ ಮೊದಲು ದೂರುವುದು ಬಿಸಿಲನ್ನು, ಆಮೇಲೆ ಗೊಬ್ಬರವನ್ನು. ಪಾವಗಡದಲ್ಲಿ ಸಂಸಾರ ಹೂಡಿದ ಮೇಲೆ ನಾನು ಮೊದಲು ವಿಚಾರಿಸುವುದು ಯಾವ ನೀರು ಹಾಕುತ್ತೀರಿ ಎಂದು.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಈ ಗಿಡಕ್ಕೆ ಆರೈಕೆ ಎಂಬುದೇ ಇರಲಿಲ್ಲ. ಮಳೆ ಹಿಡಿದ ಮೇಲೆ ಅಮ್ಮ ಕಾಂಡ ಮುರಿದು ಅಂಗಳದ ಅಂಚಿಗೆ ಚುಚ್ಚುತ್ತಿದ್ದಳು, ಅದು ತಾನಾಗಿ ಚಿಗುರುತ್ತಿತ್ತು. ಬಸವನಹುಳು ಕೊರೆದ ತೂತುಗಳೂ ಅತಿಮಳೆಗೆ ಬರುವ ಎಲೆಚುಕ್ಕೆಯೂ ಬಿಟ್ಟರೆ ಬೇರೆ ತೊಂದರೆ ಕಂಡ ನೆನಪಿಲ್ಲ. ಶಾಂತಸಾಗರದ ದ್ವೀಪಗಳಲ್ಲಿ ಇದನ್ನು ಟಿ ಎನ್ನುತ್ತಾರೆ. ಹವಾಯಿಯವರು ಮನೆಗೆ ರಕ್ಷೆ ಎಂದು ಸುತ್ತ ನೆಡುತ್ತಾರೆ, ಎಲೆಯಲ್ಲಿ ಅಡುಗೆ ಸುತ್ತಿ ಬೇಯಿಸುತ್ತಾರೆ. ಅಲ್ಲಿನ ಹಳೆಯ ಹಸಿರು ತಳಿ ಬೀಜ ಕಟ್ಟುವುದಿಲ್ಲ. ಪಾಲಿನೇಷ್ಯದ ನಾವಿಕರು ತಮ್ಮ ದೋಣಿಗಳಲ್ಲಿ ಕಾಂಡ, ಗೆಡ್ಡೆಗಳನ್ನೇ ಹೊತ್ತು ದ್ವೀಪದಿಂದ ದ್ವೀಪಕ್ಕೆ ಒಯ್ದು ನೆಟ್ಟದ್ದು. ಅಷ್ಟು ಗಟ್ಟಿ ಜೀವದ ಗಿಡ ಇದು.

ಅದೇ ಗಿಡದ ಕಾಂಡ ಪಾವಗಡಕ್ಕೆ ಬಂದು ಬೇರು ಬಿಟ್ಟಿತು, ಎಲೆಯೂ ಬಂತು. ಆದರೆ ಎಲೆ ಬಲಿಯುತ್ತಿದ್ದಂತೆ ತುದಿಯಲ್ಲಿ ಮೊದಲು ನೀರು ಕುಡಿದಂಥ ಮಸುಕು, ಆಮೇಲೆ ಕಂದು, ಕೊನೆಗೆ ಅಂಚು ಹಿಡಿದು ಕೆಳಗಿಳಿಯುವ ಒಣಗೆರೆ. ಸತ್ತ ಭಾಗಕ್ಕೂ ಕೆಂಪು ಭಾಗಕ್ಕೂ ನಡುವೆ ತೆಳ್ಳನೆಯ ಹಳದಿ ಗೀಟು. ಕೆಳಗಿನ ಹಳೆಯ ಎಲೆಗಳಲ್ಲಿ ಹೆಚ್ಚು, ಸುಳಿಯಲ್ಲಿ ಏನೂ ಇಲ್ಲ. ಬಿಸಿಲಿಗೆ ಸುಟ್ಟಿದ್ದರೆ ಬಿಸಿಲು ಬಿದ್ದ ಕಡೆ ಎಲೆಯ ನಡುವೆಯೇ ಬಿಳಿಚಿಕೊಳ್ಳಬೇಕಿತ್ತು. ಕಾರಣ ಹುಡುಕುತ್ತಿದ್ದಾಗ ದಾರಿ ತೋರಿಸಿದ್ದು ನಾನು ಪಾಠ ಹೇಳುವ ಶಾಲೆಯ ಹುಡುಗ. ಕುಂಡದ ಮುಂದೆ ಕೂತು ನೋಡಿ, "ಮಿಸ್, ಇದಕ್ಕೂ ನಮ್ಮ ಬೋರ್ ನೀರೇನಾ ಹಾಕೋದು?" ಎಂದ. ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಆ ಹಲ್ಲಿನ ಪಟ್ಟೆಗಳಿಗೂ ಅದೇ ಕಾರಣ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಕಾರ್ಡಿಲೈನ್‌ಗೆ ಅಷ್ಟೂ ಹೆಚ್ಚೇ. ಬೇರು ಹೀರಿದ ಫ್ಲೋರೈಡ್ ನೀರಿನ ಜೊತೆ ಎಲೆಗೆ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಮಾತ್ರ ತುದಿಯಲ್ಲಿ, ಅಂಚಿನಲ್ಲಿ ಕೂಡುತ್ತಾ ಹೋಗಿ ಆ ಭಾಗವನ್ನು ಕೊಲ್ಲುತ್ತದೆ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗಬಹುದು, ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರಂತೂ ಇನ್ನೂ ಸಾಂದ್ರವಾಗುತ್ತದೆ.

ಪರಿಹಾರ ಮಾಳಿಗೆಯ ಮೇಲೇ ಇತ್ತು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಮುಚ್ಚಳದ ಡ್ರಮ್ಮಿನಲ್ಲಿ ಹಿಡಿದಿಟ್ಟೆ. ಮೊದಲು ಕುಂಡದ ಮಣ್ಣನ್ನು ತೊಳೆಯುವಷ್ಟು ಅದನ್ನು ಸುರಿದು, ತಟ್ಟೆಗೆ ಇಳಿದ ನೀರನ್ನು ಚೆಲ್ಲಿದೆ. ಗಡಸು ನೀರಿನ ಉಪ್ಪೂ ಎಲೆತುದಿಯನ್ನು ಸುಡುತ್ತದೆ, ಹಾಗಾಗಿ ಈ ತೊಳೆತ ಎರಡಕ್ಕೂ ಮದ್ದು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ, ಅದನ್ನು ಈ ಗಿಡದ ಹತ್ತಿರ ಸುಳಿಯಗೊಡುವುದಿಲ್ಲ. ಕೆಮ್ಮಣ್ಣು, ಮರಳು, ಕೊಳೆತ ಎಲೆಗೊಬ್ಬರ ಸಾಕು. ಮಣ್ಣು ತೀರಾ ಹುಳಿಯಾಗಿದ್ದರೆ ಫ್ಲೋರೈಡ್ ಬೇರಿಗೆ ಸುಲಭವಾಗಿ ಸಿಗುತ್ತದೆ, ಆಗ ಚಿಟಿಕೆ ಸುಣ್ಣ ಒಳ್ಳೆಯದು.

ಸುಟ್ಟ ತುದಿ ಮತ್ತೆ ಕೆಂಪಾಗಲಿಲ್ಲ. ಆದರೆ ಆಮೇಲೆ ಸುಳಿಯಿಂದ ಬಿಚ್ಚಿಕೊಂಡ ಎಲೆಗಳು ಬಲಿತ ಮೇಲೂ ತುದಿಯವರೆಗೆ ಚೊಕ್ಕಟವಾಗಿದ್ದವು. ಆ ಹುಡುಗನ ಹಲ್ಲಿಗೆ ಇಂಥ ಅವಕಾಶವಿಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಬಿದ್ದ ಕಲೆ ಜೀವಮಾನವಿಡೀ ಉಳಿಯುತ್ತದೆ. ಒಂದು ಅಲಂಕಾರದ ಗಿಡಕ್ಕೆ ನಾವು ಮಳೆನೀರು ಹಿಡಿದಿಡಬಲ್ಲೆವಾದರೆ, ಮಕ್ಕಳ ಲೋಟಕ್ಕೆ ಶುದ್ಧ ನೀರು ಪ್ರತಿದಿನ ಬರಲೇಬೇಕು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತ ಪ್ರತಿ ವಾರವೂ ನನಗೆ ಸಂಕಟವಾಗುತ್ತದೆ.

ಇನ್ನು ಬೆಳಕು. ಪೂರ್ವದ ಜಗಲಿಯ ಎಳೆಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಒಡ್ಡಬಾರದು. ಒಳಗೆ ಕತ್ತಲ ಮೂಲೆಯಲ್ಲಿಟ್ಟರೆ ಗಿಡ ಸಾಯುವುದಿಲ್ಲ, ಕೆಂಪು ಸಾಯುತ್ತದೆ, ಹೊಸ ಎಲೆ ಹಸಿರಾಗಿ ಬರುತ್ತದೆ. ಬೇಸಿಗೆಯ ಒಣಗಾಳಿಗೆ ಫ್ಯಾನೂ ಸೇರಿದರೆ ಎಲೆಯಡಿ ಕೆಂಪು ನುಸಿ ಬರುತ್ತದೆ. ಎಲೆಯ ಹಿಂಬದಿಯನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದರೆ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ, ಹೆಚ್ಚಾದರೆ ಸೋಪು ಬೆರೆಸಿದ ಬೇವಿನೆಣ್ಣೆ. ಬೆಕ್ಕು, ನಾಯಿ ಎಲೆ ಜಗಿದರೆ ವಾಂತಿ ಮಾಡಿಕೊಳ್ಳುತ್ತವೆ, ಸಾಕಿದವರು ಕುಂಡವನ್ನು ಎತ್ತರದಲ್ಲಿಡಿ.

ನರ್ಸರಿಗಳಲ್ಲಿ ಇದನ್ನು ಡ್ರಾಸೀನ ಎಂದು ಕೊಡುವುದುಂಟು. ಕುಂಡ ಬದಲಿಸುವಾಗ ಬೇರು ನೋಡಿ: ಬಿಳಿಯಾಗಿದ್ದರೆ ಕಾರ್ಡಿಲೈನ್, ಕಿತ್ತಳೆ ಹಳದಿಯಾಗಿದ್ದರೆ ಡ್ರಾಸೀನ. ಅದಕ್ಕೂ ಫ್ಲೋರೈಡ್ ಆಗದು, ಹಾಗಾಗಿ ನೀರಿನ ಮಾತು ಎರಡಕ್ಕೂ ಒಂದೇ. ಗಿಡ ಉದ್ದವಾಗಿ ಕೆಳಗೆ ಬೋಳಾದರೆ ತಲೆ ಕತ್ತರಿಸಿ ಬೇರೆ ನೆಡಿ. ಉಳಿದ ಕಾಂಡವನ್ನು ಎರಡು ಮೂರು ಗಿಣ್ಣಿನ ತುಂಡು ಮಾಡಿ, ಹಸಿ ಮರಳಿನಲ್ಲಿ ಅರ್ಧ ಹೂತು ಅಡ್ಡಕ್ಕೆ ಮಲಗಿಸಿ. ಗಿಣ್ಣಿನ ಕಣ್ಣು ಒಡೆದು ಮೊಳಕೆ ಬರುತ್ತದೆ. ಶಾಲೆಯ ಮಕ್ಕಳು ಮನೆಗೆ ಒಯ್ದದ್ದೆಲ್ಲ ಇಂಥ ತುಂಡುಗಳನ್ನೇ; ಅವಕ್ಕೆ ಹಾಕಲು ಸೂರಿನ ನೀರಿಗೆ ಬಕೆಟ್ ಇಡುವುದನ್ನೂ ಕಲಿತರು.